ಶ್ರದ್ಧಾಂಜಲಿಯಲ್ಲಿ ಎರಡು ಸೊನ್ನೆ

ಕುಸುಮ ಬಾಯಿ ಬಿಡುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಕರೆತಂದು ಕೂರಿಸಿದ್ದರಂತೆ. ನಾನು ಮಳವಳ್ಳಿ ಠಾಣೆಯ ಮೆಟ್ಟಿಲು ಹತ್ತುವಾಗ ಹತ್ತೂಕಾಲು. ಅಷ್ಟು ಹೊತ್ತೂ ಅವಳು ಹೇಳಿದ್ದು ಒಂದೇ ಮಾತು. ಬರಹದ ಕೊನೆಯಲ್ಲಿರುವ ‘ಕು’ ನನ್ನದೇ ಗುರುತು, ಇನ್ನೇನೂ ಕೇಳಬೇಡಿ. ಎದುರಿಗಿಟ್ಟ ಉಪ್ಪಿಟ್ಟಿನ ಪೊಟ್ಟಣ ಬಿಚ್ಚದೆ ಹಾಗೇ ಇತ್ತು. ನನ್ನನ್ನು ನೋಡಿದವಳು ತಲೆ ತಗ್ಗಿಸಿದಳು.

ಸಬ್ ಇನ್ಸ್‌ಪೆಕ್ಟರ್ ಶಾಲಿನಿ ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. “ಓದಿ ಮೇಡಂ. ಓದಿ ನೀವೇ ಹೇಳಿ, ನಾನು ಇನ್ನೇನು ಮಾಡಬೇಕಿತ್ತು ಅಂತ.”

ಎರಡೇ ವಾಕ್ಯ.

‘ನಲವತ್ತು ವರ್ಷ ಅಕ್ಷರ ಜೋಡಿಸಿದ ರಘುನ೦ದನ್ ಇನ್ನಿಲ್ಲ. ಆ ಬೆರಳುಗಳಿಗೆ ನಮ್ಮ ಬಳಗದ ಭಾವಪೂರ್ಣ ಶ್ರದ್ಧಾಂಜಲಿ. – ಕು’

ಸೋಮವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಇದು ಅಚ್ಚುಮೊಳೆ ಬಳಗದ ಆನ್‌ಲೈನ್ ಖಾತೆಯಲ್ಲಿ ಬಂದಿತ್ತು. ರಘುನಂದನನ ಹೆಣ ವಿದ್ಯುತ್ ಕೇಂದ್ರವಿರುವ ಬ್ಲಫ್ ಹತ್ತಿರದ ನಾಲೆಯಲ್ಲಿ ಸಿಕ್ಕಿದ್ದು ಮಧ್ಯಾಹ್ನ ಒಂದೂಕಾಲಿಗೆ. ತಲೆಯ ಹಿಂಭಾಗಕ್ಕೆ ಏಟು ಬಿದ್ದಿತ್ತು. ಬೆಳಿಗ್ಗೆ ಏಳರ ಒಳಗೇ ಜೀವ ಹೋಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಊರಿಗೇ ಗೊತ್ತಿಲ್ಲದ ಸಾವು ಈ ಖಾತೆಗೆ ಮಾತ್ರ ಒಂದೂವರೆ ಗಂಟೆ ಮೊದಲೇ ಗೊತ್ತಿತ್ತು.

ಬರೆದವರಿಗೆ ಗೊತ್ತಿತ್ತು, ಬರೆದವಳು ಕುಸುಮ, ಆದ್ದರಿಂದ ಕುಸುಮಳಿಗೆ ಗೊತ್ತಿತ್ತು. ಶಾಲಿನಿಯವರ ಲೆಕ್ಕ ಇಷ್ಟೇ. ತಪ್ಪು ಲೆಕ್ಕ ಅಂತ ನಾನೂ ಅನ್ನಲಾರೆ.

ನಾನು ಪೊಲೀಸಿನವಳಲ್ಲ. ನಾಗಮಣಿ ಅಂತ ನನ್ನ ಹೆಸರು. ಮಂಡ್ಯದ ಒಂದು ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು. ಪತ್ರಿಕೆ ಮುಚ್ಚಿ ಹೋಯಿತು, ನನ್ನ ಚಟ ಹೋಗಲಿಲ್ಲ. ಮದುವೆ ಮನೆಗೆ ಹೋದರೆ ಊಟಕ್ಕಿಂತ ಮೊದಲು ಬೋರ್ಡಿನ ಕಾಗುಣಿತ ನೋಡುತ್ತೇನೆ. ಒಂದು ಸುಳ್ಳು ಉಯಿಲಿನ ಕಾಗುಣಿತ ಹಿಡಿದು ಬರೆದವನನ್ನು ಪತ್ತೆ ಮಾಡಿಕೊಟ್ಟ ಮೇಲೆ ಶಾಲಿನಿ ಇಂಥ ಹಾಳೆ ಬಂದಾಗಲೆಲ್ಲ ನನಗೆ ಫೋನ್ ಮಾಡುತ್ತಾರೆ. ಈ ಸಲ ಅವರು ಕರೆದಿರಲಿಲ್ಲ. ಆತಗೂರಿನಿಂದ ಕುಸುಮಳ ತಾಯಿ ಮಂಚಮ್ಮ ಫೋನ್ ಮಾಡಿ ಅತ್ತಿದ್ದರು, ಹೊರಟು ಬಂದಿದ್ದೆ.

ಆ ಮನೆಗೆ ನಾನು ಋಣಿ. ಕುಸುಮಳ ಅಪ್ಪ ಅಂಕಯ್ಯ ನಮ್ಮ ಪತ್ರಿಕೆಯಲ್ಲಿ ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಅಕ್ಷರಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿ ಓದುವುದನ್ನು ನನಗೆ ಕಲಿಸಿದ್ದು ಅವರೇ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ನಿಂತುಹೋಗಿದೆ. ಮೈಯಲ್ಲಿ ಆಡುವುದು ಬಲಗೈಯೊಂದೇ. ಅವರಿಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯಿಸಿ, ಆಮೇಲೆ ಮದ್ದೂರಿನ ಹೈಸ್ಕೂಲಿಗೆ ಹೋಗಿ ಪಾಠ ಹೇಳುತ್ತಿದ್ದ ಹುಡುಗಿ ಈಗ ಇಲ್ಲಿ ಬೆಂಚಿನ ಮೇಲೆ ಕೂತಿದ್ದಳು.

ನಾಲ್ಕು ಗಂಟೆಗೆ ಕೋರ್ಟಿಗೆ ಹಾಜರುಪಡಿಸುತ್ತೇವೆ ಎಂದರು ಶಾಲಿನಿ. ಜೈಲಿಗೆ ಕಳಿಸಿದರೆ ಕೆಲಸ ಅಮಾನತಾಗುತ್ತದೆ, ಅಂಕಯ್ಯ ಮಗಳ ಮುಖ ಮತ್ತೆ ನೋಡುತ್ತಾರೋ ಇಲ್ಲವೋ. ಇದು ಶಾಲಿನಿಗೂ ಗೊತ್ತಿತ್ತು.

ಅಚ್ಚುಮೊಳೆ ಬಳಗವೆಂದರೆ ಫೋನಿಗೂ ಕಂಪ್ಯೂಟರಿಗೂ ಕನ್ನಡದ ಅಕ್ಷರ ಮಾಡಿ ಪುಕ್ಕಟೆ ಹಂಚುವವರ ಗುಂಪು. ಬರೀ ಹಂಚುವುದಲ್ಲ, ಹೇಗೆ ಮಾಡಿದೆವು ಅನ್ನುವುದನ್ನೂ ತೆರೆದಿಡುತ್ತಾರೆ, ಬೇಕಾದವರು ತಿದ್ದಿಕೊಳ್ಳಬಹುದು. ಓಪನ್ ಸೋರ್ಸ್ ಅನ್ನುತ್ತಾರೆ. ಬಳಗದ ಹೆಸರಿನ ಖಾತೆಯನ್ನು ಹನ್ನೊಂದು ಸಾವಿರ ಜನ ಓದುತ್ತಾರೆ. ಅದಕ್ಕೆ ಪಾಸ್‌ವರ್ಡ್ ಒಂದೇ. ಅದು ನಾಲ್ವರ ಹತ್ತಿರ ಇತ್ತು: ಅಕ್ಷರ ಬರೆಯುತ್ತಿದ್ದ ರಘುನಂದನ್, ಕುಸುಮ, ಮದ್ದೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಶಿವರಾಜು, ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಅಂಬರೀಶ್.

ಬರೆದವರು ಕೊನೆಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಮೇಲೇ ಹೊರಗೆ ಬಿಡಬೇಕು. ಸಾವಿನ ಸುದ್ದಿಯಾದರೆ ಮನೆಯವರಿಗೆ ಫೋನ್ ಮಾಡಿ ಕೇಳದೆ ಬಿಡಲೇಬಾರದು. ನಿಯಮಗಳು ಚೆನ್ನಾಗಿಯೇ ಇದ್ದವು.

ಸೋಮವಾರ ಯಾವ ನಿಯಮವೂ ನಡೆಯಲಿಲ್ಲ. ಮಂಡ್ಯದ ಗುತ್ತಲಿನಲ್ಲಿ ರಘುವಿನ ತಾಯಿ ಬೆಟ್ಟಮ್ಮ ನಮ್ಮ ಪಕ್ಕದ ಮನೆಯವರು. ಅವತ್ತು ಹನ್ನೊಂದು ಮುಕ್ಕಾಲಿಗೆ ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಯಾರೋ ಫೋನ್ ಮಾಡಿ, ನಿಮ್ಮ ಮಗನ ವಿಷಯ ಓದಿ ಬಹಳ ದುಃಖವಾಯಿತು ಅಂದರು. ಆಕೆ ಮಗನ ಫೋನಿಗೆ ಮೂರು ಸಲ ಮಾಡಿದರು. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತಿತು. ಪಕ್ಕದಲ್ಲಿ ನಾನೇ ಇದ್ದೆ. ಆ ಬರಹ ಹೊರಬಿಟ್ಟ ಕೈ ಯಾರದ್ದಾದರೂ ಸರಿ, ಅದರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಹಾಳೆಯನ್ನು ಇನ್ನೊಮ್ಮೆ ಓದಿದೆ. ಶ್ರದ್ಧಾಂಜಲಿಯನ್ನು ಜನ ಕೈಮುಗಿದು ಓದುತ್ತಾರೆ, ಕಣ್ಣಿಟ್ಟು ಓದುವುದಿಲ್ಲ. ಹನ್ನೊಂದು ಸಾವಿರ ಜನ ಓದಿದ್ದರು. ಒಬ್ಬರೂ ಕೇಳಿರಲಿಲ್ಲ.

ರಘುನಂದನನಿಗೆ ವಯಸ್ಸು ಮೂವತ್ತಾರು. ನಲವತ್ತು ವರ್ಷ ಅಕ್ಷರ ಜೋಡಿಸುವುದಕ್ಕೆ ಅವನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಕೆಲಸಕ್ಕೆ ಸೇರಿರಬೇಕು.

ಶಾಲಿನಿಗೆ ತೋರಿಸಿದೆ. ಸತ್ತವರನ್ನು ಹೊಗಳುವಾಗ ಜನ ನಾಲ್ಕು ಮಾತು ಹೆಚ್ಚು ಬರೆಯುತ್ತಾರೆ ಬಿಡಿ ಅಂದರು. ನಾಲ್ಕು ಮಾತು ಹೆಚ್ಚು ಬರೆಯಬಹುದು, ನಾಲ್ಕು ವರ್ಷ ಹೆಚ್ಚು ಬರೆಯುವುದಿಲ್ಲ ಅಂದೆ.

ಆಮೇಲೆ ಒಂದು ಕೆಲಸ ಕೇಳಿದೆ. ಠಾಣೆಯ ಕಂಪ್ಯೂಟರಿಗೆ ಬಳಗದವರದ್ದೇ ಅಕ್ಷರ ಹಾಕಿ, ಖಾತೆಯಲ್ಲಿರುವ ಆ ಬರಹವನ್ನು ಅದರಲ್ಲಿ ತೋರಿಸಿ. ಪುಕ್ಕಟೆ ಸಿಗುತ್ತದೆ, ಐದು ನಿಮಿಷದ ಕೆಲಸ. ಶಾಲಿನಿ ಗೊಣಗುತ್ತಲೇ ಪೇದೆಗೆ ಹೇಳಿದರು.

ಯಾಕೆ ಕೇಳಿದೆ ಅಂದರೆ, ಸೊನ್ನೆಗಾಗಿ.

‘ಅಂ’ ಬರೆಯುವಾಗ ಪಕ್ಕದಲ್ಲಿ ಇಡುವ ದುಂಡನೆಯ ಗುರುತಿಗೆ ಅನುಸ್ವಾರ ಎಂದು ಹೆಸರು. ಆ ಹೆಸರು ಪರೀಕ್ಷೆಗೆ ಮಾತ್ರ. ಮನೆಯಲ್ಲಿ, ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಸೊನ್ನೆ ಅಂತಲೇ. ಸೊನ್ನೆ ಅಂತ ಕಲಿತವರು ಫೋನಿನಲ್ಲಿ ಬರೆಯಲು ಕೂತರೆ ಕೆಲವರ ಬೆರಳು ಅಂಕಿಯ ಸೊನ್ನೆಗೇ ಹೋಗುತ್ತದೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಲೆಕ್ಕ. ಅದಕ್ಕೇ ಬಳಗದವರು ತಮ್ಮ ಅಕ್ಷರದಲ್ಲಿ ಅಂಕಿಯ ಸೊನ್ನೆಯನ್ನು ಬೇಕೆಂದೇ ಒಂದು ಸುತ್ತು ದಪ್ಪ ಮಾಡಿಟ್ಟಿದ್ದಾರೆ. ತಪ್ಪು ಮಾಡಿದರೆ ತಕ್ಷಣ ಕಾಣಲಿ ಅಂತ.

ಪರದೆಯ ಮೇಲೆ ಬರಹ ಬಂತು. ಅದರಲ್ಲಿ ಸೊನ್ನೆಗಳಿದ್ದದ್ದು ಎರಡೇ. ‘ಶ್ರದ್ಧಾಂಜಲಿ’ಯ ಸೊನ್ನೆ ಸಣ್ಣಗೆ, ಅಚ್ಚುಕಟ್ಟಾಗಿತ್ತು. ‘ರಘುನಂದನ್’ ಹೆಸರಿನ ಸೊನ್ನೆ ದಪ್ಪಗಿತ್ತು.

ಶಾಲಿನಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅರ್ಥವೇನು ಎಂದು ಕೇಳಿದರು.

“ಇದನ್ನ ಬರೆದದ್ದು ಒಂದು ಕೈಯಲ್ಲ ಶಾಲಿನಿಯವರೇ, ಎರಡು,” ಅಂದೆ. “ಹೆಸರು ಆಮೇಲೆ ಬಂದು ಕೂತಿದೆ. ಮೊದಲು ಆ ಜಾಗದಲ್ಲಿ ಬೇರೆ ಯಾರದೋ ಹೆಸರಿತ್ತು.”

ಯಾರ ಹೆಸರು ಅನ್ನುವುದು ನನಗೆ ಅಷ್ಟು ಹೊತ್ತಿಗೆ ಹೊಳೆದಿತ್ತು. ನಲವತ್ತು ವರ್ಷ ಮೊಳೆ ಜೋಡಿಸಿದ ಬೆರಳು ಆ ಬಳಗದ ಸುತ್ತಮುತ್ತ ಒಬ್ಬರಿಗೇ ಇರುವುದು. ಕುಸುಮ ಕೂತಿದ್ದ ಬೆಂಚಿನ ಕಡೆ ನೋಡಿದೆ. ಕೇಳಲು ಧೈರ್ಯ ಬರಲಿಲ್ಲ.

ಹಾಳೆಯನ್ನು ತೆಗೆದುಕೊಟ್ಟವನು ಮದ್ದೂರಿನ ಶಿವರಾಜು ಎಂದು ತಿಳಿಯಿತು. ಹೊರಡುವ ಮೊದಲು ರಘುವಿನ ಫೋನಿನ ವಿಷಯ ಕೇಳಿದೆ. ಇನ್ನೂ ಸಿಕ್ಕಿಲ್ಲ, ನಾಲೆಗೆ ಮುಳುಗುಗಾರರನ್ನು ಇಳಿಸಿದ್ದೇವೆ ಅಂದರು. ಭಾನುವಾರ ಸಂಜೆ ರಘು ಆತಗೂರಿನ ಕುಸುಮಳ ಮನೆಗೆ ಹೋಗಿ, ಅಲ್ಲಿಂದ ಬ್ಲಫ್‌ಗೆ ಬಂದು ಅಂಬರೀಶನ ಕ್ವಾರ್ಟರ್ಸಿನಲ್ಲಿ ಉಳಿದಿದ್ದ. ಸೋಮವಾರ ಬೆಳಿಗ್ಗೆ ಫೋನು ಜೇಬಿಗೆ ಹಾಕಿಕೊಂಡು ವಾಕಿಂಗ್ ಹೊರಟ ಎಂದು ಅಂಬರೀಶ್ ಹೇಳಿಕೆ ಕೊಟ್ಟಿದ್ದ. ಫೋನು ಕಡೆಯದಾಗಿ ಎಲ್ಲಿತ್ತು ಅನ್ನುವ ವರದಿ ಕಂಪನಿಯಿಂದ ನಾಳೆ ಬರಬೇಕಿತ್ತು.

ನಾಳೆ ಬಂದರೆ ಕುಸುಮಳಿಗೆ ಏನು ಉಪಯೋಗ? ಮದ್ದೂರಿಗೆ ಹೋಗುವ ಹನ್ನೊಂದೂವರೆಯ ಬಸ್ಸು ಹತ್ತಿದೆ.

ಶಿವರಾಜುವಿನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಗೃಹಪ್ರವೇಶದ ಪತ್ರ, ತಿಥಿ ಕಾರ್ಡು, ಗ್ರಾಮ ಪಂಚಾಯಿತಿ ಅರ್ಜಿ, ಎಲ್ಲ ಅವನ ಕೈಯಲ್ಲೇ ಆಗಬೇಕು. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟ. ಎದುರಂಗಡಿಯಿಂದ ಕಾಫಿ ತರಿಸುತ್ತೇನೆ ಅಂದ. ಮುಖ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಿತ್ತು.

ಮೊದಲು ಅವನ ಕೈ ನೋಡಬೇಕಿತ್ತು. ಬಳಗದ ಅಕ್ಷರದಲ್ಲೇ ನನಗೊಂದು ವಿಳಾಸ ಟೈಪ್ ಮಾಡಿಕೊಡು ಅಂದೆ. ಮಂಡ್ಯ, ಸಂತೆಮಾಳ, ಗಂಗಮ್ಮ, ಹೀಗೆ ಬಾಯಿಗೆ ಬಂದ ಸೊನ್ನೆಗಳನ್ನೆಲ್ಲ ಹೇಳಿದೆ. ಪಟಪಟನೆ ಹೊಡೆದ. ಎಲ್ಲ ಸೊನ್ನೆಯೂ ಸಣ್ಣಗೇ ಬಂದವು. ದಪ್ಪ ಸೊನ್ನೆ ಇವನದಲ್ಲ.

ಆಮೇಲೆ ಕೇಳಿದೆ, ಪೊಲೀಸರಿಗೆ ಕೊಟ್ಟ ಹಾಳೆ ಪೂರ್ತಿಯಾ?

ಪೂರ್ತಿ ಕಣಕ್ಕ ಅಂದ. ನನ್ನ ಮುಖ ನೋಡದೆ ಅಂದ.

ಬಳಗದವರ ಬರಹಗಳೆಲ್ಲ ಹೊರಗೆ ಹೋಗುವ ಮೊದಲು ಒಂದು ಕಡೆ ಕೂಡಿರುತ್ತವೆ. ಕರಡು ಪೆಟ್ಟಿಗೆ ಅಂತ ಅವರೇ ಇಟ್ಟ ಹೆಸರು. ನಾಲ್ವರ ಫೋನಿನಲ್ಲೂ ಅದು ತೆರೆಯುತ್ತದೆ. ಅದರಲ್ಲಿ ಯಾವ ಕರಡನ್ನು ಎಷ್ಟು ಹೊತ್ತಿಗೆ ತಿದ್ದಿದರೂ ಹಳೆಯದು ಅಳಿಯುವುದಿಲ್ಲ, ಕೆಳಗೆ ಹಾಗೇ ಉಳಿಯುತ್ತದೆ. ತೆರೆದಿಡುವುದೇ ಧರ್ಮ ಅಂದುಕೊಂಡವರು ಅವರು. ಇದನ್ನೆಲ್ಲ ರಘುವೇ ನನ್ನ ಮನೆಯ ಜಗಲಿಯಲ್ಲಿ ಕೂತು ಹೇಳಿದ್ದ.

“ಸಿವರಾಜು,” ಅಂದೆ, “ನಾಲ್ಕು ಗಂಟೆಗೆ ಅವಳನ್ನ ಕೋರ್ಟಿಗೆ ಕರ್ಕಂಡ್ ಓಯ್ತಾರೆ. ಕೆಳಗಿರೋ ಹಳೇ ಕರಡು ತೆಗಿ.”

ಅವನು ಪ್ರಿಂಟರಿನ ಮೇಲಿದ್ದ ತಿಥಿ ಕಾರ್ಡುಗಳನ್ನು ಸುಮ್ಮಸುಮ್ಮನೆ ಜೋಡಿಸಿದ, ಮತ್ತೆ ಕೆದರಿದ.

“ಬದುಕಿರೋ ಅಪ್ಪುನ್ಗೆ ಮಗ್ಳೇ ಸ್ರದ್ಧಾಂಜಲಿ ಬರ್ದವ್ಳೆ ಅಂತ ಗೊತ್ತಾದ್ರೆ ಊರೋರು ಬುಟ್ಟಾರಾ ನಾಗಕ್ಕ?” ಅಂದ. “ಮಂಚಮ್ಮೋರು ಅವ್ಳ ಮಕ ನೋಡಾರಾ? ಅದ್ಕೇ ಮೇಲಿಂದು ಮಾತ್ರ ತೆಗ್ದು ಕೊಟ್ಟೆ. ಸುಳ್ಳೇನೂ ಏಳ್ಲಿಲ್ಲ ನಾನು. ಕೇಳ್ಲಿಲ್ಲ, ಏಳ್ಲಿಲ್ಲ.”

“ಅವಳ ಮಾನ ಉಳಿಸ್ತೀನಿ ಅಂತ ಅವಳನ್ನೇ ಜೈಲಿಗೆ ಆಕ್ತಾ ಇದ್ದೀಯ ಕಣೋ.”

ಅವನ ಕಣ್ಣು ತುಂಬಿ ಬಂತು. ನನಗೂ ಬೇಜಾರಾಯಿತು, ಆದರೆ ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಳ್ಳೆಯವರು ಬಾಯಿ ಮುಚ್ಚಿಕೊಂಡು ಮಾಡುವ ಅನಾಹುತ ಕೆಟ್ಟವರು ಬಾಯಿ ಬಿಟ್ಟು ಮಾಡುವುದಕ್ಕಿಂತ ಕಡಿಮೆಯೇನಲ್ಲ.

ಕೊನೆಗೆ ತೆಗೆದು ತೋರಿಸಿದ. ಮೊದಲ ಕರಡು ಹದಿನೈದು ದಿನದ ಹಿಂದಿನದು. ‘ನಲವತ್ತು ವರ್ಷ ಅಕ್ಷರ ಜೋಡಿಸಿದ ಅಂಕಯ್ಯ ಇನ್ನಿಲ್ಲ.’ ಉಳಿದದ್ದೆಲ್ಲ ಹಾಗೇ. ಸೊನ್ನೆ ಎರಡೂ ಸಣ್ಣವು. ಅದರ ಮೇಲೆ ಒಂದೇ ತಿದ್ದುಪಡಿ, ಸೋಮವಾರ ಬೆಳಿಗ್ಗೆ ಹನ್ನೊಂದು ಮೂವತ್ತೆರಡಕ್ಕೆ. ‘ಅಂಕಯ್ಯ’ ಹೋಗಿ ‘ರಘುನಂದನ್’ ಬಂದಿತ್ತು. ಎಂಟು ನಿಮಿಷ ಬಿಟ್ಟು ಹೊರಗೆ ಹೋಗಿತ್ತು. ತಿದ್ದಿದವರು ಯಾರು ಅನ್ನುವುದು ಪೆಟ್ಟಿಗೆಗೆ ಗೊತ್ತಿಲ್ಲ; ಪಾಸ್‌ವರ್ಡ್ ಒಂದೇ ಆದ್ದರಿಂದ ನಾಲ್ವರೂ ಅದಕ್ಕೆ ಒಬ್ಬರೇ.

ಎಂಟು ನಿಮಿಷ. ಒಂದು ಹೆಸರು ಬದಲಾಯಿಸಿ ಗುಂಡಿ ಒತ್ತಲು ಅರ್ಧ ನಿಮಿಷ ಸಾಕು. ಮಿಕ್ಕ ಹೊತ್ತು ಆ ಕೈ ಏನು ಮಾಡುತ್ತಿತ್ತು ಅನ್ನುವುದು ಆಗ ನನಗೆ ತಿಳಿಯಲಿಲ್ಲ.

ನಾಲ್ವರಲ್ಲಿ ಅಂಕಿಯ ಸೊನ್ನೆ ಒತ್ತುವ ಚಟ ಯಾರಿಗಿದೆ ಎಂದು ಕೇಳಿದೆ.

“ರಘುಗೇಯ,” ಅಂದ ಶಿವರಾಜು. “ಅವ್ನ್ ಹೆಸರ್ನೇ ಅವ್ನು ಸರ್ಯಾಗ್ ಬರೀತಿರ್ಲಿಲ್ಲ. ನಾವೆಲ್ಲ ನಗಾಡ್ತಿದ್ವಿ. ಅದ್ಕೇ ತಾನೇ ಸೊನ್ನೆ ದಪ್ಪ ಮಾಡಿದ್ದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಳರೊಳಗೆ ಸತ್ತವನು ಹನ್ನೊಂದೂವರೆಗೆ ತನ್ನ ಹೆಸರನ್ನು ತಾನೇ ಬರೆದನೇ? ಶಿವರಾಜು ಕೈ ಹಿಂದಕ್ಕೆ ಎಳೆದುಕೊಂಡ. ಅವನಿಗೆ ಹೆದರಿಕೆಯಾಯಿತು ಅನ್ನಬೇಕಾಗಿಲ್ಲ, ಕಾಣುತ್ತಿತ್ತು.

ದೆವ್ವಕ್ಕೆ ಫೋನು ಬೇಕಾಗುವುದಿಲ್ಲ. ಫೋನು ಅಂದ ಕೂಡಲೇ ನನ್ನ ತಲೆಗೆ ಇನ್ನೊಂದು ಹೊಳೆಯಿತು. ಶಿವರಾಜುವಿನ ಫೋನು ಈಸಿಕೊಂಡು ‘ನಾಗ’ ಅಂತ ಒತ್ತಿದೆ. ಕೆಳಗೆ ಅದೇ ‘ನಾಗಕ್ಕ’ ಅಂತ ತೋರಿಸಿತು. ನನ್ನ ಫೋನಿನಲ್ಲಿ ‘ನಾಗ’ ಒತ್ತಿದೆ. ‘ನಾಗಮಣಿ’ ಅಂತ ತೋರಿಸಿತು. ಯಜಮಾನ ದಿನಾ ಹೇಗೆ ಬರೆಯುತ್ತಾನೋ ಫೋನು ಹಾಗೇ ಕಲಿಯುತ್ತದೆ. ಯಜಮಾನನ ತಪ್ಪನ್ನೂ ಕಲಿಯುತ್ತದೆ.

ದಪ್ಪ ಸೊನ್ನೆ ಒತ್ತಿದ್ದು ಯಾರ ಬೆರಳೂ ಅಲ್ಲ. ಯಾರೋ ‘ರಘು’ ಎಂದು ಎರಡು ಅಕ್ಷರ ಒತ್ತಿದ್ದಾರೆ, ಉಳಿದ ಹೆಸರನ್ನು ರಘುವಿನ ಫೋನೇ ಎತ್ತಿಕೊಟ್ಟಿದೆ.

ಅಂದರೆ ಸೋಮವಾರ ಹನ್ನೊಂದು ಮೂವತ್ತೆರಡಕ್ಕೆ ರಘುವಿನ ಫೋನು ನಾಲೆಯಲ್ಲಿರಲಿಲ್ಲ. ಬೆಟ್ಟಮ್ಮ ಮೂರು ಸಲ ಮಾಡಿದಾಗ ರಿಂಗಾದದ್ದನ್ನು ನಾನೇ ಕೇಳಿದ್ದೆ. ಐದು ಗಂಟೆ ನೀರಿನಲ್ಲಿ ನೆನೆದ ಫೋನು ರಿಂಗಾಗುವುದಿಲ್ಲ. ಎರಡು ದಿನ ಅದನ್ನು ಗಮನಿಸದೆ ಕೂತಿದ್ದ ನನಗೆ ನಾನೇ ಬೈದುಕೊಂಡೆ. ದೀಪದ ಬುಡದಲ್ಲೇ ಕತ್ತಲು.

ಆ ಹೊತ್ತಿನಲ್ಲಿ ಕುಸುಮ ಎಂಟನೇ ತರಗತಿಗೆ ಉಕ್ತಲೇಖನ ಕೊಡುತ್ತಿದ್ದಳು. ಅವಳ ಬ್ಯಾಗಿನಲ್ಲಿದ್ದದ್ದು ಅವಳ ಫೋನು. ರಘುವಿನ ಫೋನು ಅವಳ ಹತ್ತಿರ ಇರಲಿಲ್ಲ ಎಂದು ತೋರಿಸಿದರೆ ಸಾಕು, ಅವಳು ಮನೆಗೆ ಹೋಗಬಹುದು. ಶಿವರಾಜು ಹಳೆಯ ಕರಡನ್ನು ಪ್ರಿಂಟ್ ಮಾಡಿದ. ಅವನೇ ಅಂಗಡಿಗೆ ಬೀಗ ಹಾಕಿ ತನ್ನ ಬೈಕಿನಲ್ಲಿ ನನ್ನನ್ನು ಮಳವಳ್ಳಿಗೆ ಕರೆತಂದ. ದಾರಿಯಲ್ಲಿ ಒಂದೇ ಒಂದು ಸಲ ಮಾತಾಡಿದ. ರಘು ಪ್ರತಿ ಭಾನುವಾರ ಅಂಕಯ್ಯನವರ ಮಂಚದ ಪಕ್ಕ ಕೂತು ಹೊಸ ಅಕ್ಷರಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸುತ್ತಿದ್ದನಂತೆ. ಆ ಮುದುಕರು ಬೆರಳಿನಿಂದ ಗಾಜು ತೀಡಿ, ಇಲ್ಲಿ ಸಣ್ಣ ಮಾಡು, ಇಲ್ಲಿ ದಪ್ಪ ಮಾಡು ಎಂದು ತೋರಿಸುತ್ತಿದ್ದರಂತೆ. ಫೋನಿಗೆ ಬೀಗ ಹಾಕುವ ಅಭ್ಯಾಸವೂ ರಘುವಿಗೆ ಇರಲಿಲ್ಲವಂತೆ.

ಠಾಣೆ ತಲುಪಿದಾಗ ಮೂರು ಹತ್ತು. ಶಾಲಿನಿ ನನ್ನ ಮಾತನ್ನೆಲ್ಲ ಕೇಳಿದರು, ಎರಡು ಫೋನಿನಲ್ಲಿ ತಾವೇ ಒತ್ತಿ ನೋಡಿದರು, ಕರಡಿನ ಹಾಳೆಯನ್ನು ಕಡತಕ್ಕೆ ಸೇರಿಸಿದರು. ನನ್ನನ್ನು ಕುಸುಮಳ ಎದುರಿಗೆ ಕೂರಿಸಿ ತಾವೂ ಕೂತರು.

ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಅಪ್ಪನ ಹೆಸರನ್ನು ನೋಡಿದಳು. ಎರಡು ದಿನದಿಂದ ಬಿಗಿ ಹಿಡಿದಿದ್ದ ಮುಖ ಸಡಿಲವಾಯಿತು.

“ಆ ದಿನ ಬಂದ್ರೆ ನನ್ ಕೈ ಆಡಲ್ಲ ನಾಗಕ್ಕ,” ಅಂದಳು. “ಬೇರೆಯೋರ್ ಬರದ್ರೆ ತಪ್ಪು ಮಾಡ್ತಾರೆ. ಅಪ್ಪುನ್ ಹೆಸರಲ್ಲಿ ಒಂದಕ್ಷರ ತಪ್ಪಾಗ್ಬಾರ್ದು ಅಂತ ಮೊದ್ಲೇ ಬರ್ದಿಟ್ಟೆ. ಯಾರಾದ್ರೂ ಓದಿ ಹೊರಗೆ ಬುಡ್ಲಿ ಅಂತ ಪೆಟ್ಗೇಲಿಟ್ಟೆ. ಅಷ್ಟೇಯ.”

ಆಮೇಲೆ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಬದುಕಿರುವ ತಂದೆಗೆ ಶ್ರದ್ಧಾಂಜಲಿ ಬರೆಯುವುದು ಕೆಡುಕು ಅನ್ನುವವರು ಅನ್ನಲಿ. ಮೊಳೆ ಜೋಡಿಸಿದವನ ಮಗಳು ತಂದೆಗೆ ಕೊಡಬಹುದಾದ ಕಡೆಯ ಮರ್ಯಾದೆ ಅದೇ ಎಂದು ನನಗೆ ಅನಿಸಿತು. ಅದನ್ನು ಅವಳಿಗೆ ಹೇಳಿಯೂ ಹೇಳಿದೆ.

ಅಮ್ಮನಿಗೆ ಗೊತ್ತಾದರೆ ಹೇಗೋ ತಡೆದುಕೊಳ್ಳಬಹುದು, ಅಪ್ಪನ ಕಿವಿಗೆ ಬೀಳಬಾರದು, ತನ್ನನ್ನು ಆಗಲೇ ಸತ್ತವನ ಲೆಕ್ಕಕ್ಕೆ ಸೇರಿಸಿಬಿಟ್ಟಳು ಅಂದುಕೊಳ್ಳುತ್ತಾರೆ ಎಂದಳು. ಅದಕ್ಕೇ ಎರಡು ದಿನ ಬಾಯಿ ಹೊಲಿದುಕೊಂಡಿದ್ದಳು. ಜೈಲಾದರೂ ಸರಿ ಅಂತ.

ಶಾಲಿನಿ ಮೆಲ್ಲಗೆ ಕೇಳಿದರು. ರಘುನಂದನ್ ಫೋನು ನಿನ್ನ ಹತ್ತಿರ ಇತ್ತಾ?

ಇಲ್ಲ ಅಂತ ತಲೆಯಾಡಿಸಿದಳು. ನನ್ನ ಜೀವ ಹಗುರಾಯಿತು. ಆಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಫೋನು ಭಾನುವಾರ ನಮ್ಮ ಮನೆಯಲ್ಲೇ ಮರೆತು ಹೋಗಿದ್ದರು ರಘಣ್ಣ ಎಂದಳು. ಅಂಬರೀಶನ ಫೋನಿನಿಂದ ರಾತ್ರಿಯೇ ಮಾಡಿ, ನಾಳೆ ಸಂಜೆ ಬಂದು ತಗೊಳ್ಳುತ್ತೇನೆ, ಅಪ್ಪನ ದಿಂಬಿನ ಪಕ್ಕದಲ್ಲಿರಲಿ ಅಂದಿದ್ದರಂತೆ.

ಶಾಲಿನಿಯವರ ಪೆನ್ನು ನಿಂತಿತು. ಫೋನು ಜೇಬಿಗೆ ಹಾಕಿಕೊಂಡು ವಾಕಿಂಗ್ ಹೊರಟ ಎಂದು ಅಂಬರೀಶ್ ಬರೆಸಿಕೊಟ್ಟ ಹೇಳಿಕೆ ಅದೇ ಕಡತದಲ್ಲಿತ್ತು. ಅವರು ಪುಟ ತಿರುವಿ ಅದರ ಪಕ್ಕದಲ್ಲಿ ಒಂದು ಗೆರೆ ಎಳೆದರು.

ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ಮನೆಯಲ್ಲಿ ಯಾರಿದ್ದರು ಎಂದು ಕೇಳಿದೆ.

ಅಮ್ಮ ಡೈರಿ ಸಂಘದ ಸಭೆಗೆ ಹೋಗಿದ್ದರು, ಒಂದು ಗಂಟೆಗೆ ಬಂದದ್ದು, ಅಪ್ಪ ಒಬ್ಬರೇ ಇದ್ದರು ಎಂದಳು.

ಶಾಲಿನಿ ನನ್ನನ್ನು ನೋಡಿದರು. ಮಾತಿಲ್ಲದ, ಮಂಚ ಬಿಟ್ಟು ಏಳಲಾರದ ಮನುಷ್ಯ. ಆಡುವುದು ಬಲಗೈಯೊಂದೇ. ಬೀಗವಿಲ್ಲದ ಫೋನಿನಲ್ಲಿ ಹೆಸರು ಬದಲಾಯಿಸಿ ಹೊರಗೆ ಬಿಡಲು ಆ ಒಂದು ಕೈಗೆ ಎಂಟು ನಿಮಿಷ ಹೆಚ್ಚೇನಲ್ಲ.

“ರಘುನಂದನ್ ಹೋಗಿರೋದು ನಿಮ್ಮ ತಂದೆಗೆ ಯಾರು ಹೇಳಿದ್ರು?” ಎಂದು ಶಾಲಿನಿ ಕೇಳಿದರು.

“ಯಾರೂ ಹೇಳಿಲ್ಲ ಮೇಡಂ. ಎದೆ ಒಡ್ಕತಾರೆ ಅಂತ ಇವತ್ತಿನವರೆಗೂ ಹೇಳಿಲ್ಲ. ಪ್ರತಿ ಭಾನುವಾರ ಬರ್ತಿದ್ರಲ್ಲ ರಘಣ್ಣ, ಮುಂದಿನ ವಾರ ಏನ್ ಹೇಳೋದು ಅಂತ ನಾನೂ ಅಮ್ಮನೂ...”

ಮಾತು ಅಲ್ಲಿಗೇ ನಿಂತಿತು. ನಾವಿಬ್ಬರೂ ಕೂತಿದ್ದ ರೀತಿಯಿಂದಲೇ ಅವಳಿಗೆ ತಿಳಿದುಹೋಯಿತು. ಶಾಲಿನಿ ಎದ್ದು ಜೀಪು ತೆಗೆಯಲು ಹೇಳಿದರು. ಊರಿಗೇ ಗೊತ್ತಿಲ್ಲದ ಸಾವನ್ನು ಅಂಕಯ್ಯನವರಿಗೆ ತಿಳಿಸಿದವರು ಯಾರೋ, ಅವರಿಗೆ ಕೊಲೆಯೂ ಗೊತ್ತಿರಬೇಕು. ಆ ಫೋನು ಈಗೆಲ್ಲಿದೆ, ಅದಕ್ಕೆ ಯಾರು ಮಾಡಿದ್ದರು, ಆ ಮನೆಗೆ ಯಾರು ಬಂದು ಹೋಗಿದ್ದರು, ಬಂದವರು ಮತ್ತೆ ಬರಬಹುದೇ ಎಂದು ಒಂದರ ಮೇಲೊಂದು ಕೇಳುತ್ತಿದ್ದರು. ಕುಸುಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವಳ ಬೆರಳು ಹಾಳೆಯಲ್ಲಿದ್ದ ಅಪ್ಪನ ಹೆಸರಿನ ಮೇಲಿತ್ತು.

“ಅಂಗಾದ್ರೆ ನಾಗಕ್ಕ,” ಅಂದಳು, “ನಾನ್ ಬರ್ದಿದ್ದನ್ನ ಅಪ್ಪ ಓದವ್ರೆ?”